ನೀರಿನೊಳಗೆ ಫೋಟೋ ತೆಗೆಯೋಕೆ ಯಾವ ಕ್ಯಾಮೆರಾ ತಗೋಬೇಕು?

ನೇತ್ರಾಣಿ ದ್ವೀಪದ ಒಂದು ಮೀನಿನ ಫೋಟೋ ಹಾಕಿದರೆ ಸಾಕು, ಕಲಬುರಗಿ ಗೆಳೆಯರಿಂದ ಮೆಸೇಜ್ ಬರುತ್ತದೆ: 'ಕ್ಯಾಮೆರಾ ಯಾವ್ದು ತಗೋಬೇಕ್ರಿ?' ಸಮುದ್ರವೇ ಇಲ್ಲದ ಊರಲ್ಲಿ ಇಷ್ಟು ಜನ ಇದನ್ನು ಕೇಳ್ತಾರಲ್ಲ ಅಂತ ನನಗೆ ಖುಷಿ. ಮುರುಡೇಶ್ವರಕ್ಕೆ ದರ್ಶನಕ್ಕೆ ಹೋದವರು ಹಾಗೇ ದೋಣಿ ಹತ್ತಿ ನೇತ್ರಾಣಿಯಲ್ಲಿ ಮುಳುಗಿ ಬರುತ್ತಾರೆ. ಅಂಡಮಾನಿಗೆ ಹನಿಮೂನ್ ಹೋದವರು ಡೈವಿಂಗ್ ಕೋರ್ಸನ್ನೂ ಮುಗಿಸಿಕೊಂಡು ಬರುತ್ತಾರೆ. ಆಮೇಲೆ ಕ್ಯಾಮೆರಾ ಹುಚ್ಚು ಹತ್ತುತ್ತದೆ.

ನನ್ನ ಉತ್ತರ ಯಾವಾಗಲೂ ಒಂದೇ. ಮೊದಲು ಹೌಸಿಂಗ್ ನೋಡಿ, ಆಮೇಲೆ ಅದರೊಳಗೆ ಕೂರುವ ಕ್ಯಾಮೆರಾ ನೋಡಿ. ಹೌಸಿಂಗ್ ಅಂದರೆ ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಗಟ್ಟಿ ಪೆಟ್ಟಿಗೆ. ಒಳಗಿನ ಕ್ಯಾಮೆರಾದ ಒಂದೊಂದು ಬಟನ್ನಿಗೂ ಹೊರಗೆ ಒಂದೊಂದು ಒತ್ತುಗುಂಡಿ ಇರುತ್ತದೆ. ಹಾಗಾಗಿ ಒಂದು ಮಾಡೆಲ್‌ಗೆ ಮಾಡಿದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಇದೆ, ಬರೀ ಹೌಸಿಂಗ್ ತಗೊಂಡರಾಯ್ತು ಅಂದುಕೊಳ್ಳುವವರು ಮೊದಲು ಅದು ಸಿಗುತ್ತಾ ಅಂತ ಹುಡುಕಿ. ಲೆನ್ಸ್ ಬದಲಿಸುವ ಕ್ಯಾಮೆರಾಗಳಿಗೆ ನೌಟಿಕ್ಯಾಮ್‌ನಂಥವರು ಮಾಡುವ ಅಲ್ಯೂಮಿನಿಯಂ ಹೌಸಿಂಗ್‌ನ ಬೆಲೆ ಎಷ್ಟೋ ಸಲ ಕ್ಯಾಮೆರಾ ಬೆಲೆಯನ್ನೇ ದಾಟುತ್ತದೆ. ಅದರ ಮೇಲೆ ಲೆನ್ಸ್‌ಗೆ ತಕ್ಕ ಪೋರ್ಟ್, ಅಂದರೆ ಲೆನ್ಸ್ ಮುಂದೆ ಕೂರುವ ಪಾರದರ್ಶಕ ಕಿಟಕಿ, ಬೇರೆ ತಗೋಬೇಕು. ವೈಡ್ ಲೆನ್ಸ್‌ಗೆ ಗುಮ್ಮಟದ ಹಾಗಿರುವ ಡೋಮ್ ಪೋರ್ಟ್, ಚಿಕ್ಕ ವಸ್ತುಗಳನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋಗೆ ಚಪ್ಪಟೆ ಪೋರ್ಟ್.

'ಕ್ಯಾಮೆರಾ ವಾಟರ್‌ಪ್ರೂಫ್ ಐತಲ್ರಿ, ಹೌಸಿಂಗ್ ಯಾಕೆ?' ಅನ್ನುವವರೂ ಇದ್ದಾರೆ. ಪ್ರತಿ 10 ಮೀಟರ್ ಇಳಿದಾಗ ನೀರಿನ ಒತ್ತಡ ಸುಮಾರು ಒಂದು ವಾತಾವರಣದಷ್ಟು, ಅಂದರೆ ದಡದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು, ಏರುತ್ತದೆ. 30 ಮೀಟರ್‌ನಲ್ಲಿ ದಡದಲ್ಲಿ ಇರುವುದರ ನಾಲ್ಕು ಪಟ್ಟು. ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರು 18 ಮೀಟರ್‌ವರೆಗೆ ಇಳಿಯಬಹುದು. ಗಟ್ಟಿಮುಟ್ಟು ಅಂತ ಹೆಸರಾದ ಒಎಂ ಸಿಸ್ಟಮ್ ಕಂಪನಿಯ ಟಿಜಿ-7 ಕ್ಯಾಮೆರಾ ಹೌಸಿಂಗ್ ಇಲ್ಲದೆ ತಡೆಯುವುದು 15 ಮೀಟರ್. ಅಂಗೈಯಲ್ಲಿ ಹಿಡಿಸುವ ವಿಡಿಯೋ ಕ್ಯಾಮೆರಾ ಗೋಪ್ರೋ ಹೀರೋ ಬ್ಲ್ಯಾಕ್ ತಡೆಯುವುದು 10 ಮೀಟರ್. ಅಂದರೆ ಮೊದಲ ಸರ್ಟಿಫಿಕೇಟ್ ಕೈಗೆ ಬಂದ ದಿನವೇ ನೀವು ಕ್ಯಾಮೆರಾಕ್ಕಿಂತ ಆಳಕ್ಕೆ ಹೋಗಬಲ್ಲಿರಿ. ಧೂಳು, ನೀರು ತಡೆಯುತ್ತದೆ ಅನ್ನುವ ಫೋನಿನ ಐಪಿ68 ಗುರುತನ್ನು ನಂಬಿ ಸಮುದ್ರಕ್ಕೆ ಇಳಿಯಬೇಡಿ, ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ನೀರಿನೊಳಗೆ ಟಚ್‌ಸ್ಕ್ರೀನ್ ಹೇಗೂ ಕೆಲಸ ಮಾಡೋದಿಲ್ಲ.

ಹೊಸಬರಿಗೆ ನಾನು ಹೇಳೋದು ಟಿಜಿ-7 ಮತ್ತು ಅದರ ಪಿಟಿ-059 ಹೌಸಿಂಗ್. ಈ ಹೌಸಿಂಗ್ 45 ಮೀಟರ್ ತಾಳುತ್ತದೆ. ಹಿಂದಿನ ಟಿಜಿ-6 ಕೂಡ ಇದರಲ್ಲೇ ಕೂರುತ್ತದೆ, ಹಳೆಯದು ಸಿಕ್ಕರೂ ನಷ್ಟವಿಲ್ಲ. ಸೆನ್ಸರ್ ಚಿಕ್ಕದು, 12 ಮೆಗಾಪಿಕ್ಸೆಲ್ ಅಷ್ಟೇ. ಆದರೆ ಉಗುರಿನಷ್ಟು ಚಿಕ್ಕ ಜೀವಿಯ ಹತ್ತಿರಕ್ಕೆ ಹೋಗಿ ಫೋಕಸ್ ಮಾಡುವುದರಲ್ಲಿ ಈ ಬೆಲೆಯ ಬೇರೆ ಕ್ಯಾಮೆರಾ ಇದರ ಮುಂದೆ ನಿಲ್ಲೋದಿಲ್ಲ. ಬರೀ ವಿಡಿಯೋ ಸಾಕು ಅನ್ನುವವರಿಗೆ ಗೋಪ್ರೋ ಮತ್ತು 60 ಮೀಟರ್‌ನ ಹೌಸಿಂಗ್. ಅದರಲ್ಲಿ ಹತ್ತಿರದ ವಸ್ತು ಮಸುಕಾಗಿ ಬರುತ್ತದೆ ಅನ್ನೋದು ನೆನಪಿರಲಿ.

ಸ್ವಲ್ಪ ದುಡ್ಡು ಬೆಳಕಿಗೆ ಉಳಿಸಿಕೊಳ್ಳಿ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮೀನು ಕಂದು ಮೀನಾಗಿರುತ್ತದೆ. ಇನ್ನೂ ಕೆಳಗೆ ಎಲ್ಲವೂ ನೀಲಿ. ಎಷ್ಟೇ ದುಬಾರಿ ಕ್ಯಾಮೆರಾ ಇದ್ದರೂ ಇಲ್ಲದ ಬಣ್ಣವನ್ನು ಎಲ್ಲಿಂದ ತರಬೇಕು, ಅಲ್ವಾ? ಅದಕ್ಕೇ ಹೊರಗಿನ ಸ್ಟ್ರೋಬ್ (ಬೇರೆಯಾಗಿ ಕಟ್ಟುವ ಫ್ಲ್ಯಾಶ್) ಇಲ್ಲವೇ ವಿಡಿಯೋ ಟಾರ್ಚ್ ಬೇಕು. ಕ್ಯಾಮೆರಾದ್ದೇ ಫ್ಲ್ಯಾಶ್ ಹಾರಿಸಿದರೆ ಲೆನ್ಸ್ ಮುಂದೆ ತೇಲುವ ಕಣಗಳೆಲ್ಲ ಹೊಳೆದು ಫೋಟೋದಲ್ಲಿ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಸ್ಟ್ರೋಬನ್ನು ಉದ್ದ ತೋಳಿಗೆ ಕಟ್ಟಿ ಬದಿಗೆ ಸರಿಸಿದರೆ ಈ ಕಾಟ ಬಹಳ ಕಡಿಮೆ. ಮೀನಿಗೆ ಹತ್ತಿರ ಹೋದಷ್ಟೂ ಇನ್ನೂ ಕಡಿಮೆ. ದೂರದಿಂದ ಜೂಮ್ ಮಾಡಿದರೆ ನಡುವಿನ ನೀರಿನ ಫೋಟೋ ಬರುತ್ತದೆ, ಅಷ್ಟೇ.

ನಮ್ಮ ಭಾಗದವರಿಗೆ ಅಂತಲೇ ಹೇಳಬೇಕಾದದ್ದು ಓ-ರಿಂಗ್ ವಿಷಯ. ಹೌಸಿಂಗ್‌ನ ಬಾಗಿಲಿನ ಸುತ್ತ ಕೂರುವ ಈ ಸಣ್ಣ ರಬ್ಬರ್ ಬಳೆಯೇ ನೀರನ್ನು ತಡೆಯುವುದು. ಅದರ ಮೇಲೆ ಒಂದು ಕೂದಲು ಅಡ್ಡ ಬಿದ್ದರೂ ನೀರು ದಾರಿ ಮಾಡಿಕೊಳ್ಳುತ್ತದೆ. ನಮ್ಮೂರಿನ ಧೂಳು ಗೊತ್ತಲ್ಲ, ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಆಮೇಲೆ ಹೌಸಿಂಗ್ ಬಿಚ್ಚಿ. ಓ-ರಿಂಗನ್ನು ಚೂಪಾದ ಯಾವುದರಿಂದಲೂ ಎಬ್ಬಿಸಬಾರದು. ಎರಡು ಬೆರಳ ನಡುವೆ ಮೆಲ್ಲಗೆ ಸುತ್ತಲೂ ಎಳೆಯುತ್ತಾ ಹೋಗಿ, ಕಣ್ಣಿಗೆ ಕಾಣದ ಮರಳಿನ ಕಾಳು ಬೆರಳಿಗೆ ತಾಗುತ್ತದೆ. ಅದು ಕೂರುವ ತೋಡನ್ನೂ ಎಳೆ ಬಿಡದ ಬಟ್ಟೆಯಿಂದ ಒರೆಸಿ. ಗ್ರೀಸ್ ಆ ಹೌಸಿಂಗ್ ಜೊತೆ ಕೊಟ್ಟದ್ದೇ ಇರಲಿ, ಅದೂ ಬರೀ ಹೊಳಪು ಬರುವಷ್ಟು. ಜಾಸ್ತಿ ಸವರಿದರೆ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ.

ಹೊಸ ಹೌಸಿಂಗ್ ಬಂದ ಕೂಡಲೇ ಕ್ಯಾಮೆರಾ ಹಾಕದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ನೋಡಿ. ಸಮುದ್ರದಲ್ಲೂ ಮೊದಲ ಸಲ ಖಾಲಿಯಾಗಿಯೇ ಇಳಿಸುವುದು ಒಳ್ಳೆಯದು. ಡೈವ್ ಮುಗಿದ ಮೇಲೆ ಬಾಗಿಲು ತೆಗೆಯದೆ ಸಿಹಿನೀರಿನಲ್ಲಿ ನೆನೆಸಿಟ್ಟು ಎಲ್ಲ ಬಟನ್ ಒತ್ತಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಉಪ್ಪು ಕೂರುತ್ತದೆ. ಊರಿಗೆ ಬಂದು ಸವಳು ಬೋರ್ ನೀರಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಕೊನೆಯ ತೊಳೆತಕ್ಕೆ ಕುಡಿಯುವ ಫಿಲ್ಟರ್ ನೀರು ಬಳಸಿ. ಬಿಸಿಲಿಗಂತೂ ಇಡಲೇಬೇಡಿ.

ಇನ್ನೊಂದು ಗುಂಪು ಇದೆ. ಇವರಿಗೆ ಸಮುದ್ರ ಬೇಡ, ಬೇಸಿಗೆಯಲ್ಲಿ ಹೊಲದ ಬಾವಿಗೆ ಹುಡುಗರು ಹಾರುವುದನ್ನು ನೀರೊಳಗಿಂದ ಹಿಡಿಯಬೇಕು. ಇದಕ್ಕೆ ಗೋಪ್ರೋ ಒಂದಿದ್ದರೆ ಸಾಕು, ಸುಮ್ನೆ ಹೌಸಿಂಗ್‌ಗೆ ದುಡ್ಡು ಹಾಕಬೇಡಿ. ಸೂರ್ಯ ನೆತ್ತಿಗೆ ಬಂದಾಗ ಇಳಿಯಿರಿ, ಬೆಳಕು ನೇರ ಒಳಗೆ ಬರುತ್ತದೆ. ಬಾವಿ ನೀರು ಹಸಿರಾಗಿದ್ದರೆ ಸಮುದ್ರಕ್ಕೆಂದು ಮಾರುವ, ಲೆನ್ಸ್ ಮುಂದೆ ಹಾಕುವ ಕೆಂಪು ಫಿಲ್ಟರ್ ಬೇಡ, ಮೆಜೆಂಟಾ ಬಣ್ಣದ್ದು ಬೇಕು. ತೇಲುವ ಹಿಡಿಕೆಯನ್ನು ಮಾತ್ರ ಮರೆಯದೆ ತಗೊಳ್ಳಿ. ತಳಕ್ಕೆ ಹೋದ ಕ್ಯಾಮೆರಾ ಹುಡುಕೋಕೆ ಮೋಟರ್ ಹಚ್ಚಿ ಬಾವಿ ಖಾಲಿ ಮಾಡ್ರಿ ಅಂದರೆ ಹೊಲದವರು ಒಪ್ಪೋದಿಲ್ಲ, ಅದೂ ಏಪ್ರಿಲ್‌ನಲ್ಲಿ.