ವರದಿಯ ಎರಡನೆಯ ಸಾಲು

ಮುಂಬಯಿಯ ಆಸ್ಪತ್ರೆಯೊಂದರ ಎಂಡೋಸ್ಕೋಪಿ ವಿಭಾಗದಲ್ಲಿ ನಾನು 11 ವರ್ಷಗಳಿಂದ ನರ್ಸ್ ಆಗಿದ್ದೇನೆ. ರೋಗಿಗಳ ಹಳೆಯ ವರದಿಗಳನ್ನು ನೋಡಿ, ಯಾರನ್ನು ಬೇಗ ಕರೆಸಬೇಕು, ಯಾರು ಕಾಯಬಹುದು ಎಂದು ಪಟ್ಟಿ ಮಾಡುವುದೂ ನನ್ನ ಕೆಲಸವೇ. ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ, ಕಾರ್ಕಳದ ಕಡೆಯ 58 ವರ್ಷದ ಒಬ್ಬರ ವಿಷಯದಲ್ಲಿ ನಾನು ಆ ಕೆಲಸವನ್ನು ಸರಿಯಾಗಿ ಮಾಡಲಿಲ್ಲ.

ಮೂರು ತಿಂಗಳಲ್ಲಿ ಅವರ ತೂಕ 9 ಕಿಲೊ ಇಳಿದಿತ್ತು, ಹೊಸದಾಗಿ ಸಕ್ಕರೆ ಕಾಯಿಲೆ ಶುರುವಾಗಿತ್ತು, ಮೇಲುಹೊಟ್ಟೆಯ ನೋವು ಬೆನ್ನಿಗೂ ಹಬ್ಬುತ್ತಿತ್ತು. ಅವರ ಹೆಂಡತಿ ಸೋನೋಗ್ರಫಿ ವರದಿಯನ್ನು ನನ್ನ ಕೈಗಿತ್ತು, "ಇದರಲ್ಲಿ ಏನೂ ಇಲ್ಲವಂತೆ ಸಿಸ್ಟರ್, ಬರೀ ಗ್ಯಾಸಂತೆ" ಎಂದರು. ಕೊನೆಯ ಸಾಲಿನಲ್ಲಿ ದೋಷವೇನೂ ಕಂಡಿಲ್ಲ ಎಂದಿತ್ತು. ನಾನು ಅಷ್ಟನ್ನೇ ಓದಿ, ಸಾಮಾನ್ಯ ಎಂಡೋಸ್ಕೋಪಿಗೆ ಎರಡು ವಾರಗಳ ನಂತರದ ದಿನ ಕೊಟ್ಟೆ. ಕರುಳಿನ ಗ್ಯಾಸ್ ಅಡ್ಡ ಬಂದುದರಿಂದ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಕಾಣಿಸಲಿಲ್ಲ ಎಂದು ಎರಡನೆಯ ಸಾಲು ಹೇಳುತ್ತಿತ್ತು. ಇಂಥ ಲಕ್ಷಣಗಳಿದ್ದಾಗ ನೋಡಲೇಬೇಕಾದ ಗ್ರಂಥಿ ಅದು.

ಅದನ್ನು ಗಮನಿಸಿದವರು ಎಂಡೋಸ್ಕೋಪಿಯ ದಿನ ಬಂದ ವೈದ್ಯರು. ಅವರು ಬರೆದುಕೊಟ್ಟ ಸಿ.ಟಿ. ಸ್ಕ್ಯಾನಿನಲ್ಲಿ ಗ್ರಂಥಿಯ ನಾಳ ತುಸು ಹಿಗ್ಗಿರುವುದು ಕಂಡಿತೇ ಹೊರತು ಕಾರಣ ಕಾಣಲಿಲ್ಲ. ಆಗ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡುವುದೆಂದು ತೀರ್ಮಾನವಾಯಿತು.

ಜಠರದ ಹಿಂದೆ ಅಡಗಿರುವ ಈ ಗ್ರಂಥಿಯನ್ನು ಸೋನೋಗ್ರಫಿಯಲ್ಲಿ ಹೊಟ್ಟೆಯ ಮೇಲಿಂದ ನೋಡಹೊರಟರೆ ಚರ್ಮ, ಕೊಬ್ಬು, ಗಾಳಿ ತುಂಬಿದ ಕರುಳು ಇವೆಲ್ಲ ನಡುವೆ ಬರುತ್ತವೆ, ಅಲ್ಟ್ರಾಸೌಂಡಿನ ತರಂಗಗಳಿಗೆ ಗಾಳಿಯೇ ದೊಡ್ಡ ಅಡ್ಡಿ. ಈ ಪರೀಕ್ಷೆಯಲ್ಲಾದರೋ, ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಪ್ರೋಬ್ ಇರುವ ಎಂಡೋಸ್ಕೋಪ್ ಎಂಬ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ, ಜಠರದ ಗೋಡೆಗೆ ಒತ್ತಿ ಗ್ರಂಥಿಯ ನಡುಭಾಗವನ್ನೂ ಬಾಲವನ್ನೂ, ಸಣ್ಣ ಕರುಳಿನ ಆರಂಭದಲ್ಲಿ ನಿಂತು ಅದರ ತಲೆಭಾಗವನ್ನೂ ಪಿತ್ತನಾಳವನ್ನೂ ನೋಡುತ್ತಾರೆ. ದೂರ ಕಡಿಮೆಯಾದ್ದರಿಂದ, ಆಳಕ್ಕೆ ಹೋಗದಿದ್ದರೂ ಸೂಕ್ಷ್ಮ ಚಿತ್ರ ಕೊಡುವ ಹೆಚ್ಚು ಆವರ್ತನದ ತರಂಗಗಳನ್ನು ಬಳಸಬಹುದು. ಪಿತ್ತನಾಳದಲ್ಲಿ ಸಿ.ಟಿ.ಗೆ ಸಿಗದ ಸಣ್ಣ ಕಲ್ಲುಗಳೂ ಇದರಲ್ಲಿ ಕಾಣುತ್ತವೆ. ಜಠರದ ಗೋಡೆ ಐದು ಪದರಗಳಾಗಿ ಕಾಣುವುದರಿಂದ, ಒಳಗಿನ ಗಂಟು ಯಾವ ಪದರದಿಂದ ಎದ್ದಿದೆ ಎಂದೂ ಹೇಳಬಹುದು.

ಅಂದು ಗ್ರಂಥಿಯ ತಲೆಭಾಗದಲ್ಲಿ 14 ಮಿಲಿಮೀಟರಿನ ಕಪ್ಪು ಗಂಟು ಕಂಡಿತು. ರಕ್ತದ ಹರಿವನ್ನು ತೋರಿಸುವ ಡಾಪ್ಲರಿನಲ್ಲಿ ರಕ್ತನಾಳಗಳನ್ನು ಗುರುತಿಸಿಕೊಂಡು, ಪರದೆಯ ಮೇಲೆ ಸೂಜಿಯ ತುದಿಯನ್ನು ನೋಡುತ್ತಲೇ ವೈದ್ಯರು ಪರೀಕ್ಷೆಗೆ ತುಣುಕು ತೆಗೆಯಲು 22 ಗೇಜಿನ ತೆಳು ಸೂಜಿಯನ್ನು ಕರುಳಿನ ಗೋಡೆಯ ಮೂಲಕ ಗಂಟಿಗೆ ಸೇರಿಸಿದರು. ಸೂಜಿಯೊಳಗಿನ ತಂತಿಯನ್ನು ನಿಧಾನವಾಗಿ ಹಿಂದೆಳೆಯುತ್ತಿದ್ದವಳು ನಾನೇ. ನನ್ನಿಂದ ವ್ಯರ್ಥವಾದ ಎರಡು ವಾರಗಳ ನೆನಪು ಆಗ ಬಹಳ ಭಾರವಾಗಿತ್ತು.

ಹೊಟ್ಟೆನೋವು ಬಂದವರಿಗೆಲ್ಲ ಈ ಪರೀಕ್ಷೆ ಬೇಕಿಲ್ಲ. ನಿದ್ರೆಯ ಔಷಧಿ ಕೊಡಬೇಕಾಗುತ್ತದೆ, ಸೂಜಿ ಹಾಕಿದರೆ ಕೆಲವರಿಗೆ ರಕ್ತಸ್ರಾವವೋ ಗ್ರಂಥಿಯ ಉರಿಯೂತವೋ ಆಗಬಹುದು. ಆದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಮೊದಲೇ ತಿಳಿಸಬೇಕು. ಸೂಜಿಗೆ ಸಿಕ್ಕ ತುಣುಕಿನಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದರೂ ಅನುಮಾನ ಉಳಿದಿದ್ದರೆ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಅವರದು ಕ್ಯಾನ್ಸರ್ ಎಂದೇ ಬಯಾಪ್ಸಿ ಹೇಳಿತು. ಗಂಟು ದೊಡ್ಡ ರಕ್ತನಾಳಗಳನ್ನು ಸುತ್ತಿರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು. ದಿನ ಕೊಡುವುದರಲ್ಲಿ ತಪ್ಪಿದ್ದು ನಾನೇ ಎಂದು ಅವರ ಹೆಂಡತಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ಇಂಗ್ಲಿಷಿನ ಆ ಹಳೆಯ ವರದಿಯನ್ನು ತೆಗೆದು, "ಆ ಸಾಲು ಯಾವುದು, ತೋರಿಸಿ" ಎಂದರು. ನಾನು ಅದರ ಮೇಲೆ ಬೆರಳಿಟ್ಟು, ಕನ್ನಡದಲ್ಲಿ ಓದಿ ಹೇಳಿದೆ.