ಮಾನಿಟರ್ ವಾರಿ ಕೂತಿದೆಯೇ? ನೆಲದಿಂದ ಮೇಲಕ್ಕೆ ನೋಡುತ್ತಾ ಬನ್ನಿ

ಹೊಸ ಮಾನಿಟರ್ ಜೋಡಿಸಿ ಟೇಬಲ್ ಮೇಲೆ ಇಟ್ಟ ಕೂಡಲೇ ಒಂದು ಮೂಲೆ ಇಳಿದು ವಾರಿ (ಓರೆ) ಆದಂತೆ ಕಂಡರೆ ಬಹಳ ಮಂದಿ ಎರಡರಲ್ಲಿ ಒಂದು ಮಾಡುತ್ತಾರೆ. ಇಳಿದ ಮೂಲೆ ಹಿಡಿದು ಜೋರಾಗಿ ಮೇಲಕ್ಕೆ ತಿರುವುತ್ತಾರೆ, ಇಲ್ಲವೇ ಸ್ಟ್ಯಾಂಡಿನ ಕೆಳಗೆ ಕಾಗದ ಮಡಚಿ ತುರುಕುತ್ತಾರೆ. ಎರಡೂ ಬೇಡ. ವಾರಿ ಆಗಿರುವುದು ಎಲ್ಲಿ ಅಂತ ಗೊತ್ತಾಗುವ ಮೊದಲೇ ಕೈ ಹಾಕಿದರೆ ನೆಟ್ಟಗಿದ್ದ ಜಾಗವೂ ಕೆಡುತ್ತದೆ. ನೆಲ, ಟೇಬಲ್, ಸ್ಟ್ಯಾಂಡಿನ ಪಾದ, ಅದರ ಕಂಬ, ಕಂಬಕ್ಕೂ ಮಾನಿಟರಿಗೂ ನಡುವಿನ ಕೀಲು, ಕೊನೆಗೆ ಚೌಕಟ್ಟಿನೊಳಗಿನ ಪರದೆ: ದೋಷ ಇರುವುದು ಇವುಗಳಲ್ಲೇ ಎಲ್ಲೋ ಒಂದು ಕಡೆ. ಎರಡು ಕಡೆ ಸೇರಿಕೊಂಡಿರುವುದೂ ಉಂಟು. ಅದಕ್ಕೇ ಕೆಳಗಿನಿಂದ ಶುರು ಮಾಡಬೇಕು.

ಮೊದಲು ಅಳತೆ. ಅಂದಾಜು ಬೇಡ, ಟೇಪ್ ತೊಗೊಳ್ಳಿ. ಟೇಬಲ್ಲಿನ ಮೇಲ್ಮೈಯಿಂದ ಮಾನಿಟರಿನ ಕೆಳಗಿನ ಎಡ ಮೂಲೆಗೆ ಎಷ್ಟು, ಬಲ ಮೂಲೆಗೆ ಎಷ್ಟು ಎಂದು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. 24 ಇಂಚಿನ ಮಾನಿಟರಿನ ಪರದೆ ಸುಮಾರು 531 ಮಿ.ಮೀ. ಅಗಲ, 27 ಇಂಚಿನದು ಸುಮಾರು 598 ಮಿ.ಮೀ. ಒಂದೇ ಒಂದು ಡಿಗ್ರಿ ವಾರಿ ಆದರೆ ಮೊದಲನೆಯದರಲ್ಲಿ ಎರಡು ಮೂಲೆಗಳ ನಡುವೆ 9 ಮಿ.ಮೀ.ಗೂ ಮೇಲೆ, ಎರಡನೆಯದರಲ್ಲಿ 10 ಮಿ.ಮೀ.ಗೂ ಮೇಲೆ ವ್ಯತ್ಯಾಸ ಬರುತ್ತದೆ. ಕೀಲಿನಲ್ಲಿ ಕೂದಲೆಳೆಯಷ್ಟಿರುವ ಸಡಿಲ ತುದಿಗೆ ಬರುವಷ್ಟರಲ್ಲಿ ಕಣ್ಣಿಗೆ ಕುಟುಕುವಷ್ಟು ಆಗುವುದು ಹೀಗೆ. 1 ಮಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 3 ಮಿ.ಮೀ. ದಾಟಿದರೆ ಸರಿಪಡಿಸುವುದು ಒಳ್ಳೆಯದು, ಏಕೆಂದರೆ ಎಕ್ಸೆಲ್ ಸಾಲುಗಳನ್ನು ದಿನವಿಡೀ ನೋಡುವವರಿಗೆ ಅಷ್ಟೂ ಕಾಣುತ್ತದೆ.

ಎರಡೂ ಮೂಲೆಯ ಅಳತೆ ಒಂದೇ ಬಂದು, ಆದರೂ ವಾರಿ ಕಾಣುತ್ತಿದ್ದರೆ ಮಾನಿಟರಿನ ತಪ್ಪಿಲ್ಲ. ಟೇಬಲ್ಲೋ ನೆಲವೋ ಇಳಿದಿದೆ.

ನಮ್ಮ ಕಲಬುರಗಿ ಕಡೆ ಇದನ್ನು ಮೊದಲು ನೋಡಲೇಬೇಕು. ಹಳೆಯ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ, ಎಷ್ಟೋ ಆಫೀಸುಗಳಲ್ಲಿ ಇವತ್ತಿಗೂ ಶಹಾಬಾದಿನ ಫರಸಿ (ಹಾಸುಗಲ್ಲು) ನೆಲವೇ ಇದೆ. ಪಾಲಿಶ್ ಮಾಡದ ಫರಸಿಯ ಮೇಲ್ಮೈ ಒಂದೇ ಸಮ ಇರುವುದಿಲ್ಲ. ಒಂದು ಕಲ್ಲಿಗೂ ಪಕ್ಕದ ಕಲ್ಲಿಗೂ ಸಂದಿಯಲ್ಲಿ ಏರುಪೇರು ಇರುತ್ತದೆ. ಅದರ ಮೇಲೆ, ತೊಳೆದ ನೀರು ಮೋರಿ ಕಡೆ ಹರಿಯಲಿ ಅಂತ ಗೌಂಡಿಗಳು ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ. ಕೆಳಗೆ ಎರೆಮಣ್ಣು ಇದ್ದರೆ ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ನೆಲ ಇನ್ನಷ್ಟು ಅಲುಗಿರುತ್ತದೆ. ಇಂಥ ನೆಲದ ಮೇಲೆ ನಾಲ್ಕು ಕಾಲಿನ ಟೇಬಲ್ ಸರಿಯಾಗಿ ನಿಲ್ಲುವುದೇ ಕಷ್ಟ.

ಟೇಬಲ್ ಮಟ್ಟ ನೋಡಲು ಹಾರ್ಡ್‌ವೇರ್ ಅಂಗಡಿಯ ಸಣ್ಣ ಸ್ಪಿರಿಟ್ ಲೆವೆಲ್ (ಗುಳ್ಳೆ ನೋಡಿ ಮಟ್ಟ ತಿಳಿಯುವ ಪಟ್ಟಿ) ಸಾಕು. ಫೋನಿನ ಲೆವೆಲ್ ಆ್ಯಪ್ ಬಳಸುವುದಾದರೆ ಕವರ್ ತೆಗೆದು, ಕ್ಯಾಮೆರಾದ ಉಬ್ಬು ಟೇಬಲ್ಲಿಗೆ ತಾಗದಂತೆ ಅಂಚಿನಿಂದ ಹೊರಗೆ ಬಿಟ್ಟು ಇಡಿ. ಒಮ್ಮೆ ಓದಿ, ಫೋನನ್ನು ಹಿಂದುಮುಂದಾಗಿ ತಿರುಗಿಸಿ, ಉಬ್ಬು ಈಗಲೂ ಹೊರಗೇ ಉಳಿಯುವಂತೆ ಎದುರು ಅಂಚಿಗೆ ಇಟ್ಟು ಮತ್ತೊಮ್ಮೆ ಓದಿ. ಟೇಬಲ್ ಮಟ್ಟವಾಗಿದ್ದರೆ ಎರಡು ಸಲವೂ ಸೊನ್ನೆ ಬರಬೇಕು. ಒಮ್ಮೆ ಟೇಬಲ್ಲಿನ ಎಡ ಬದಿ ಅರ್ಧ ಡಿಗ್ರಿ, ಮತ್ತೊಮ್ಮೆ ಅದರ ಬಲ ಬದಿ ಅರ್ಧ ಡಿಗ್ರಿ ಇಳಿದಿದೆ ಅಂತ ತೋರಿಸಿದರೆ ತಪ್ಪಿರುವುದು ಫೋನಿನಲ್ಲಿ, ಟೇಬಲ್ಲಿನಲ್ಲಿ ಅಲ್ಲ.

ಟೇಬಲ್ ಇಳಿದಿದ್ದರೆ ರಿಪೇರಿ ಟೇಬಲ್ಲಿನ ಕಾಲಿಗೇ ಮಾಡಿ, ಮಾನಿಟರಿಗಲ್ಲ. ಇಳಿದ ಕಡೆಯ ಕಾಲುಗಳ ಕೆಳಗೆ ರಬ್ಬರ್ ಶೀಟಿನ ತುಂಡು ಕೊಡಿ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪದರ ಮಾಡಿ ಇಟ್ಟರೂ ನಡೆಯುತ್ತದೆ. ಕಾಗದ, ರಟ್ಟು ಬೇಡ. ನೆಲ ಒರೆಸಿದ ನೀರು ಕುಡಿದು ಮೆತ್ತಗಾಗಿ ತಿಂಗಳೊಳಗೆ ಕುಸಿಯುತ್ತವೆ. ಗೋಡೆಗೆ ಕೂಡಿಸಿದ ಫರಸಿ ಕಟ್ಟೆಯನ್ನೇ ಟೇಬಲ್ ಮಾಡಿಕೊಂಡವರಿಗೆ ಈ ದಾರಿ ಇಲ್ಲ. ಅವರು ಕಟ್ಟೆಯ ಮೇಲೆ 12 ಅಥವಾ 18 ಮಿ.ಮೀ. ಪ್ಲೈವುಡ್ ತುಂಡು ಹಾಕಿ, ಅದರ ಕೆಳಗೆ ರಬ್ಬರ್ ಕೊಟ್ಟು ಮಟ್ಟ ಮಾಡಿಕೊಳ್ಳುವುದು ಲೇಸು.

ಇಲ್ಲಿ ನನ್ನ ಅಭಿಪ್ರಾಯ ಒಂದಿದೆ. ಟೇಬಲ್ಲನ್ನು ಎಷ್ಟು ಮಾಡಿದರೂ ಸ್ವಲ್ಪ ಇಳಿಜಾರು ಉಳಿದೇ ಉಳಿಯಿತು ಅಂದರೆ ಮಾನಿಟರನ್ನು ಟೇಬಲ್ಲಿನ ಅಂಚಿಗೆ ಸಮವಾಗಿ ಇಡಿ, ಸ್ಪಿರಿಟ್ ಲೆವೆಲ್ಲಿನ ಗುಳ್ಳೆಗಲ್ಲ. ಕಣ್ಣು ಪರದೆಯ ಕೆಳ ಅಂಚನ್ನು ಹೋಲಿಸುವುದು ಅದರ ಹತ್ತಿರ ಇರುವ ಗೆರೆಗೆ. ಆ ಗೆರೆ ಟೇಬಲ್ಲಿನದೇ.

ಈಗ ಟೇಪಿನ ಅಳತೆಯಲ್ಲೇ ವ್ಯತ್ಯಾಸ ಬಂದವರ ವಿಷಯ. ಪಾರ್ಟಿಕಲ್ ಬೋರ್ಡಿನ ಟೇಬಲ್ಲುಗಳು ನಡುವೆ ಬಗ್ಗಿರುತ್ತವೆ. ಅಲ್ಲಿ ಸ್ಟ್ಯಾಂಡಿನ ಪಾದ ಕೂತ ಜಾಗವೇ ಸೊಟ್ಟ ಇರಬಹುದು. ಪರೀಕ್ಷೆ ಸುಲಭ. ಮಾನಿಟರನ್ನು ಸ್ಟ್ಯಾಂಡ್ ಸಮೇತ ಅದೇ ಜಾಗದಲ್ಲಿ ಪೂರ್ತಿ ಹಿಂದುಮುಂದಾಗಿ ತಿರುಗಿಸಿ, ಬೆನ್ನು ನಿಮ್ಮ ಕಡೆ ಬರುವಂತೆ ಇಡಿ. ಮೊದಲು ಕಿಟಕಿ ಕಡೆ ಇಳಿದಿದ್ದದ್ದು ಈಗಲೂ ಕಿಟಕಿ ಕಡೆಗೇ ಇಳಿದರೆ ತಪ್ಪು ಟೇಬಲ್ಲಿನದು. ಇಳಿದ ಮೂಲೆ ಮಾನಿಟರಿನ ಜೊತೆಗೇ ತಿರುಗಿ ಬಾಗಿಲ ಕಡೆ ಬಂದರೆ ತಪ್ಪು ಸ್ಟ್ಯಾಂಡಿನದು ಇಲ್ಲವೇ ಕೀಲಿನದು. ಹತ್ತು ಸ್ಕ್ರೂ ಬಿಚ್ಚುವುದಕ್ಕಿಂತ ಈ ಒಂದು ತಿರುವು ಹೆಚ್ಚು ಹೇಳುತ್ತದೆ.

ಸ್ಟ್ಯಾಂಡಿನ ಪಾದ ನೋಡುವಾಗ ಪ್ರತಿ ಮೂಲೆಯನ್ನೂ ಬೆರಳಿನಿಂದ ಒತ್ತಿ. ಟಕ್ ಎಂದು ಅಲುಗಿದರೆ ಕೆಳಗೆ ಒಂದು ರಬ್ಬರ್ ಗುಂಡಿ ಕಿತ್ತು ಹೋಗಿದೆ, ಇಲ್ಲವೇ ಪ್ಯಾಕಿಂಗಿನ ಪ್ಲಾಸ್ಟಿಕ್ ಹಾಳೆ ಒಂದು ಕಡೆ ಅಂಟಿಕೊಂಡೇ ಉಳಿದಿದೆ. ವಿ ಆಕಾರದ ಪಾದದವು ಅಲುಗದೆಯೂ ವಾರಿ ನಿಲ್ಲಬಲ್ಲವು, ಆದ್ದರಿಂದ ಅವನ್ನು ಮಗುಚಿ ಕಣ್ಣಿಂದಲೇ ನೋಡಬೇಕು. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟಿದಾಗ ರಬ್ಬರ್ ಗುಂಡಿಯ ಅಂಟು ಮೆತ್ತಗಾಗಿ ಗುಂಡಿ ಜರುಗುವುದೂ ಉಂಟು.

ಪಾದಕ್ಕೆ ಕಂಬ ಸೇರುವ ಜಾಗದಲ್ಲಿ ಸಾಮಾನ್ಯವಾಗಿ ಮಡಚುವ ರಿಂಗ್ ಇರುವ ಒಂದು ದಪ್ಪ ಸ್ಕ್ರೂ, ಅಥವಾ ಎರಡು ಮೂರು ಸಣ್ಣ ಸ್ಕ್ರೂ ಇರುತ್ತವೆ. ಬರೀ ಬೆರಳಿನಿಂದ ತಿರುಗಿಸಿ ಬಿಟ್ಟಿದ್ದರೆ ಕಂಬ ಸಡಿಲ. ಒಂದು ಕೈಯಲ್ಲಿ ಪಾದ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕಂಬ ಅಲುಗಿಸಿದರೆ ಗೊತ್ತಾಗುತ್ತದೆ. ಬಿಚ್ಚಿ, ಕಂಬದ ಬುಡದ ಮೊಳೆಗಳು ಪಾದದ ತೂತುಗಳಲ್ಲಿ ಪೂರ್ತಿ ಇಳಿದಿವೆಯೇ ನೋಡಿ, ಮತ್ತೆ ಕೂಡಿಸಿ. ಸ್ಕ್ರೂ ಎರಡು ಮೂರು ಇದ್ದರೆ ಒಂದನ್ನೇ ಕೊನೆತನಕ ಬಿಗಿ ಮಾಡಬೇಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿ ಮಾಡಿ. ಒಂದು ಕಡೆ ಮೊದಲೇ ಕಚ್ಚಿಕೊಂಡರೆ ಕಂಬ ಆ ಕಡೆ ವಾಲಿ ನಿಲ್ಲುತ್ತದೆ. ಆಮೇಲೆ ಕಂಬ ನೆಟ್ಟಗಿದೆಯೇ ಎಂದು ಬಡಿಗೇರ ಗುನಿಯಾ (ಮೂಲೆ ನೆಟ್ಟಗಿದೆಯೇ ನೋಡುವ ಎಲ್ ಆಕಾರದ ಪಟ್ಟಿ) ಹಿಡಿದು ನೋಡಿ. ಅದಿಲ್ಲದಿದ್ದರೆ ದಪ್ಪ ಪುಸ್ತಕದ ಮೂಲೆ ಸಾಕು. ಕಂಬ ನೆಟ್ಟಗಿದ್ದೂ ಪರದೆ ವಾರಿ ಇದ್ದರೆ ದೋಷ ಮೇಲಿನ ಕೀಲಿನಲ್ಲಿದೆ.

ಹೆಚ್ಚಿನ ತೊಂದರೆ ಇರುವುದು ಈ ಕೀಲಿನಲ್ಲೇ. ಅದರಲ್ಲಿ ಮೂರು ಬಗೆ.

ಮೊದಲನೆಯದು, ಪರದೆಯನ್ನು 90 ಡಿಗ್ರಿ ತಿರುಗಿಸಿ ಉದ್ದಕ್ಕೆ ನಿಲ್ಲಿಸಬಹುದಾದ ಸ್ಟ್ಯಾಂಡ್. ತಿರುಗುವ ಕೀಲು ಅಂದ ಮೇಲೆ ಅಡ್ಡ ನಿಂತಾಗಲೂ ಒಂದೆರಡು ಡಿಗ್ರಿ ಅತ್ತಿತ್ತ ಹೋಗುತ್ತದೆ. ಅದು ಕೆಟ್ಟಿದ್ದಲ್ಲ. ಮಾನಿಟರನ್ನು ಪೂರ್ತಿ ಮೇಲಕ್ಕೆ ಎತ್ತಿ, ಸ್ವಲ್ಪ ಹಿಂದಕ್ಕೆ ವಾಲಿಸಿ, ಎಡ ಬಲ ಚೌಕಟ್ಟಿನ ನಡುಭಾಗ ಹಿಡಿದು ತಿರುಗಿಸಿ. ಹೆಬ್ಬೆರಳು ಪರದೆಯ ಮೇಲೆ ಒತ್ತಬಾರದು. ಒಳಗಿನ ಗಾಜು ತೆಳು. ಸಮಕ್ಕೆ ಬಂದಲ್ಲಿಗೇ ನಿಲ್ಲಿಸದೆ ಕೂದಲಷ್ಟು ಮುಂದೆ ಹೋಗಿ ಹಿಂದಕ್ಕೆ ಬನ್ನಿ, ಆಗ ಕೀಲಿನ ಸಡಿಲ ಒಂದೇ ಕಡೆ ಕೂತು ಪರದೆ ನಿಂತಲ್ಲೇ ನಿಲ್ಲುತ್ತದೆ. ಕೈ ಬಿಟ್ಟ ಮೇಲೆ ಮತ್ತೆ ಇಳಿದರೆ ಕೇಬಲ್ ಎಳೆಯುತ್ತಿದೆಯೇ ನೋಡಿ. ದಪ್ಪ ಎಚ್‌ಡಿಎಂಐ ಕೇಬಲ್ ಒಂದೇ ಕಡೆಯಿಂದ ಬಿಗಿಯಾಗಿ ಜೋತಿದ್ದರೆ ಇಂಥ ಕೀಲನ್ನು ಮೆಲ್ಲಗೆ ಎಳೆದೇ ಎಳೆಯುತ್ತದೆ. ಕೇಬಲ್ಲೆಲ್ಲ ಕಿತ್ತು ಒಮ್ಮೆ ಅಳೆಯಿರಿ. ಸರಿ ಬಂದರೆ ಕೇಬಲ್ಲಿಗೆ ಧಾರಾಳ ಸುತ್ತು ಬಿಟ್ಟು ಕಂಬದ ನಡುವಿನ ತೂತಿನಿಂದ ತೊಗೊಂಡು ಹೋಗಿ.

ಎರಡನೆಯದು, ಸ್ಕ್ರೂ ಇಲ್ಲದೆ ಸಿಕ್ಕಿಸುವ ತಲೆ. ಮೇಲೆ ಎರಡು ಕೊಕ್ಕೆ, ಕೆಳಗೆ ಒತ್ತುವ ಗುಂಡಿ. ಒಂದು ಕೊಕ್ಕೆ ಮಾತ್ರ ಕೂತು ಇನ್ನೊಂದು ಅಂಚಿನ ಮೇಲೆ ನಿಂತರೆ ಪರದೆ ವಾರಿ ಆಗುತ್ತದೆ, ಮಾನಿಟರ್ ಬೀಳುವ ಅಪಾಯವೂ ಇದೆ. ಪ್ಲೇಟ್ ಮತ್ತು ಮಾನಿಟರಿನ ಬೆನ್ನಿನ ನಡುವೆ ಸುತ್ತಲೂ ಒಂದು ವಿಸಿಟಿಂಗ್ ಕಾರ್ಡ್ ಆಡಿಸಿ. ಒಂದು ಕಡೆ ಹೋಗಿ ಇನ್ನೊಂದು ಕಡೆ ಹೋಗದಿದ್ದರೆ ತಲೆ ಸರಿಯಾಗಿ ಕೂತಿಲ್ಲ. ತೆಗೆದು, ಒಳಗೆ ಫೋಮ್ ಚೂರೋ ಪ್ಲಾಸ್ಟಿಕ್ಕೋ ಸಿಕ್ಕಿದೆಯೇ ನೋಡಿ, ಟಕ್ ಎನ್ನುವ ತನಕ ಮತ್ತೆ ಒತ್ತಿ.

ಮೂರನೆಯದು, ನಾಲ್ಕು ಸ್ಕ್ರೂಗಳ ವೆಸಾ ಪ್ಲೇಟ್, ಅಂದರೆ ಮಾನಿಟರಿನ ಬೆನ್ನಿಗೆ ಗೊತ್ತಾದ ಅಳತೆಯ ತೂತುಗಳಲ್ಲಿ ಕೂಡಿಸುವ ಚೌಕ ಪ್ಲೇಟ್. ಗೋಡೆಗೆ ಹಾಕುವವರಿಗೆ, ಬೇರೆ ಆರ್ಮ್ (ಮಾನಿಟರ್ ಹಿಡಿಯುವ ತೋಳು) ತಂದವರಿಗೆ ಇದೇ. ತೂತುಗಳ ನಡುವಿನ ದೂರ 75 ಅಥವಾ 100 ಮಿ.ಮೀ., ಸ್ಕ್ರೂ ಎಂ4. ಪ್ಲೇಟಿನ ತೂತು 5 ಮಿ.ಮೀ. ಇದ್ದರೆ 4 ಮಿ.ಮೀ. ಸ್ಕ್ರೂವಿಗೆ ಸುತ್ತಲೂ ಅರ್ಧ ಮಿ.ಮೀ. ಜಾಗ ಸಿಗುತ್ತದೆ. 100 ಮಿ.ಮೀ. ಪ್ಲೇಟಿನಲ್ಲಿ ಅಷ್ಟು ಜಾಗ ಎಂದರೆ ಪ್ರತಿ ಕಡೆಗೆ ಸುಮಾರು 0.4 ಡಿಗ್ರಿ. 24 ಇಂಚಿನ ಪರದೆಯ ಮೂಲೆಗಳಲ್ಲಿ ಅದು 3.7 ಮಿ.ಮೀ. ವ್ಯತ್ಯಾಸ. ವಾರಿ ಆಗುವುದೂ ಈ ಜಾಗದಿಂದಲೇ, ಸರಿಪಡಿಸುವುದೂ ಇದರಿಂದಲೇ. ಒಬ್ಬರು ಎರಡೂ ಕಡೆ ಮಾನಿಟರ್ ಹಿಡಿದಿರಲಿ. ನಾಲ್ಕೂ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲ ಮಾಡಿ, ಇಳಿದ ಕಡೆ ಎತ್ತಿ, ಟೇಪಿನಲ್ಲಿ ಎರಡೂ ಮೂಲೆ ಸಮ ಬಂದ ಕೂಡಲೇ ಮೇಲಿನ ಬಲದ್ದು, ಕೆಳಗಿನ ಎಡದ್ದು, ಮೇಲಿನ ಎಡದ್ದು, ಕೆಳಗಿನ ಬಲದ್ದು ಹೀಗೆ ಕರ್ಣದ ಕ್ರಮದಲ್ಲಿ ಬಿಗಿ ಮಾಡಿ. ಒಂದೇ ಸಲಕ್ಕೆ ಪೂರ್ತಿ ಬಿಗಿ ಮಾಡಿದರೆ ಸ್ಕ್ರೂವಿನ ತಲೆ ಪ್ಲೇಟನ್ನು ತನ್ನ ಜೊತೆ ತಿರುಗಿಸಿಕೊಂಡು ಹೋಗುತ್ತದೆ. ತಲೆಯ ಕೆಳಗೆ ಚಪ್ಪಟೆ ವಾಷರ್ ಇದ್ದರೆ ಈ ಎಳೆತ ಕಡಿಮೆ. ಪಿಎಚ್2 (ಪ್ಲಸ್ ತುದಿಯ) ಸ್ಕ್ರೂಡ್ರೈವರ್, ಬರೀ ಕೈ. ಡ್ರಿಲ್ ಮಷೀನ್ ಬೇಡ, ಸ್ಕ್ರೂ ಕಚ್ಚುವ ಒಳಗಿನ ಎಳೆ (ಥ್ರೆಡ್) ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ್ದಾಗಿರಬಹುದು, ಕಿತ್ತು ಬರುತ್ತದೆ. ಮಾನಿಟರಿನ ಜೊತೆ ಬಂದ ಸ್ಕ್ರೂವಿಗಿಂತ ಉದ್ದದ್ದನ್ನು ಎಂದೂ ಹಾಕಬೇಡಿ, ತುದಿ ಒಳಗಿನ ಬೋರ್ಡಿಗೆ ತಾಗಬಹುದು.

ಇಷ್ಟಾದರೂ ಸ್ವಲ್ಪ ಉಳಿದರೆ, ಆಗ ಮಾತ್ರ ಪಾದದ ಕೆಳಗೆ ತುಂಡು ಕೊಡುವ ಮಾತು. ಲೆಕ್ಕ ಹೀಗೆ: ಮೂಲೆಗಳ ವ್ಯತ್ಯಾಸವನ್ನು ಪಾದದ ಎಡ ಬಲ ರಬ್ಬರ್ ಗುಂಡಿಗಳ ನಡುವಿನ ದೂರದಿಂದ ಗುಣಿಸಿ, ಪರದೆಯ ಅಗಲದಿಂದ ಭಾಗಿಸಿ. ವ್ಯತ್ಯಾಸ 6 ಮಿ.ಮೀ., ಗುಂಡಿಗಳ ದೂರ 240 ಮಿ.ಮೀ., ಪರದೆ 531 ಮಿ.ಮೀ. ಇದ್ದರೆ ಬೇಕಾದ ದಪ್ಪ 2.7 ಮಿ.ಮೀ. ಹಳೆಯ ಎಟಿಎಂ ಕಾರ್ಡ್ ಒಂದರ ದಪ್ಪ 0.76 ಮಿ.ಮೀ. ಮೂರು ಸೇರಿಸಿದರೆ 2.28 ಆಗುತ್ತದೆ, ಪರದೆಯಲ್ಲಿ ಉಳಿಯುವುದು 1 ಮಿ.ಮೀ. ಒಳಗೆ. ಇಳಿದ ಕಡೆಯ ಮುಂದಿನ, ಹಿಂದಿನ ಎರಡೂ ಗುಂಡಿಗಳ ಕೆಳಗೆ ಕೊಡಿ, ಒಂದಕ್ಕೇ ಕೊಟ್ಟರೆ ಮಾನಿಟರ್ ತೂಗಾಡುತ್ತದೆ. 4 ಮಿ.ಮೀ.ಗಿಂತ ಹೆಚ್ಚು ಬೇಕೆಂದು ಲೆಕ್ಕ ಹೇಳಿದರೆ ನನ್ನ ಪ್ರಕಾರ ಆ ಸ್ಟ್ಯಾಂಡನ್ನು ಬದಲಿಸಿಕೊಳ್ಳಬೇಕು.

ಉಳಿದದ್ದು ಪರದೆ. ಹೊರ ಚೌಕಟ್ಟು ನೆಟ್ಟಗಿದ್ದು ಚಿತ್ರ ಮಾತ್ರ ವಾರಿ ಕಂಡರೆ ಬ್ರೌಸರಿನಲ್ಲಿ ಖಾಲಿ ಬಿಳಿ ಪುಟ ತೆರೆದು ಎಫ್11 ಒತ್ತಿ, ಬೆಳಕಿನ ಮೇಲಿನ ಅಂಚಿಗೂ ಚೌಕಟ್ಟಿನ ಹೊರ ಅಂಚಿಗೂ ನಡುವಿನ ಕಪ್ಪು ಪಟ್ಟಿಯನ್ನು ಅದರ ಎಡ ತುದಿಯಲ್ಲೂ ಬಲ ತುದಿಯಲ್ಲೂ ಅಳೆಯಿರಿ. ಒಂದು ತುದಿಯಲ್ಲಿ 6, ಇನ್ನೊಂದು ತುದಿಯಲ್ಲಿ 8 ಮಿ.ಮೀ. ಬಂದರೆ ಪ್ಯಾನೆಲ್ಲೇ ಒಳಗೆ ಸೊಟ್ಟ ಕೂತಿದೆ. ಹಳೆಯ, ದಪ್ಪ ಪೆಟ್ಟಿಗೆಯಂಥ ಸಿಆರ್‌ಟಿ ಮಾನಿಟರುಗಳಲ್ಲಿ ಚಿತ್ರವನ್ನು ತಿರುಗಿಸುವ ಸೆಟ್ಟಿಂಗ್ ಇರುತ್ತಿತ್ತು. ಈಗಿನ ತೆಳು ಎಲ್‌ಸಿಡಿಯಲ್ಲಿ ಪಿಕ್ಸೆಲ್‌ಗಳು (ಚಿತ್ರದ ಚುಕ್ಕೆಗಳು) ಗಾಜಿನ ಮೇಲೇ ಕೂತಿರುವುದರಿಂದ ಯಾವ ಮೆನುವಿನಿಂದಲೂ ಇದು ಸರಿ ಹೋಗದು. ಬಿಚ್ಚಲು ಹೋಗಬೇಡಿ, ವಾರಂಟಿ ಹೋಗುತ್ತದೆ.

ಬದಲಿ ಕೇಳುವಾಗ ಟೇಪ್ ಹಿಡಿದ ಎರಡು ಮೂಲೆಗಳ ಫೋಟೊ, ಲೆವೆಲ್ ಇಟ್ಟ ಟೇಬಲ್ಲಿನ ಫೋಟೊ, ಬಿಲ್ಲು ಸೇರಿಸಿ ಕಳಿಸಿ. ಟೇಬಲ್ ಮಟ್ಟ ಇದೆ ಅಂತ ಮೊದಲೇ ತೋರಿಸಿದರೆ "ನಿಮ್ಮ ಟೇಬಲ್ ಸರಿಯಿಲ್ಲ" ಅನ್ನುವ ಉತ್ತರಕ್ಕೆ ಜಾಗ ಇರುವುದಿಲ್ಲ. ತಪ್ಪು ಸ್ಟ್ಯಾಂಡಿನಲ್ಲಿದ್ದರೆ ಸ್ಟ್ಯಾಂಡ್ ಮಾತ್ರ ಕೇಳಿ, ಬೇಗ ಬರುವ ಸಾಧ್ಯತೆ ಹೆಚ್ಚು. ವಾಪಸಿನ ಅವಧಿ ಮುಗಿಯುವ ತನಕ ಡಬ್ಬಿ, ಥರ್ಮಾಕೋಲ್ ಎಸೆಯಬೇಡಿ. ಅಂಗಡಿಯವರೂ ಕಂಪನಿಯವರೂ ಒಬ್ಬರ ಮೇಲೊಬ್ಬರು ಹಾಕುತ್ತಾ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲಿ ಕೊಂಡ ಮಾಲಿಗೆ ಬೆಂಗಳೂರಿಗೋ ಹೈದರಾಬಾದಿಗೋ ಓಡಬೇಕಿಲ್ಲ. ಬದಲಿ ಸ್ಟ್ಯಾಂಡ್ ಬಂದಾಗ ಮಾನಿಟರ್ ಹಾಕುವ ಮೊದಲೇ ಬರೀ ಪಾದ ಮತ್ತು ಕಂಬ ಜೋಡಿಸಿ, ಮಟ್ಟದ ಜಾಗದಲ್ಲಿ ನಿಲ್ಲಿಸಿ ಗುನಿಯಾ ಹಿಡಿದು ನೋಡಿಕೊಳ್ಳಿ.