ಬಾಗಿಲ ಮೇಲಿನ ಕಿಟಕಿ

ಇವತ್ತು ಸಾಯಂಕಾಲ ಕೆಲಸ ಮುಗಿಸಿ ಬರ್ತಾ ಪೋಲೆಂಡಿನ ಕ್ರಾಕೋವ್‌ನ ಫ್ರಾನ್ಸಿಸ್ಕನ್ ಚರ್ಚ್ ಒಳಗೆ ಹೊಕ್ಕೆ. ಮಳೆ ಬರೋ ಹಾಗಿತ್ತು, ಅಷ್ಟೇ.

ಒಳಗೆ ಕತ್ತಲೆ. ಕಣ್ಣು ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತೇ ಬೇಕಾಯ್ತು, ಆಮೇಲೆ ಗೋಡೆ ಮೇಲಿನ ಹೂಗಳು ಒಂದೊಂದಾಗಿ ಎದ್ದು ಬಂದ್ವು, ಗುಲಾಬಿ, ಲಿಲಿ, ಪ್ಯಾನ್ಸಿ... 1895ರಲ್ಲಿ ಇಲ್ಲಿನ ಕಲಾವಿದ ವಿಸ್ಪಿಯಾನ್ಸ್ಕಿ ಬರೆದಿದ್ದು, ಆಗ ಅವನಿಗೆ ಬರೀ 26 ವರ್ಷ.

ಹೊರಡೋಣ ಅಂತ ತಿರುಗಿದೆ ನೋಡಿ, ಬಾಗಿಲ ಮೇಲೆ ಪಶ್ಚಿಮದ ಬಣ್ಣದ ಗಾಜಿನ ಕಿಟಕಿ. ಅದೂ ಅವನದೇ ಡಿಸೈನ್, ಜಗತ್ತನ್ನ ಸೃಷ್ಟಿ ಮಾಡ್ತಿರೋ ದೇವರು. ಮೋಡಕ್ಕೆ ಮಂಕಾಗಿತ್ತು, ಬೂದಿ ಬಣ್ಣ, ಏನೂ ಸರಿಯಾಗಿ ಕಾಣ್ತಿರ್ಲಿಲ್ಲ. ಅಷ್ಟರಲ್ಲಿ ಹೊರಗೆ ಎಲ್ಲೋ ಮೋಡ ಸರಿದಿರ್ಬೇಕು, ಕೆಳಗಿಂದ ನೀಲಿ ಹತ್ತಿಕೊಳ್ತು, ಆಮೇಲೆ ನೇರಳೆ, ಕೊನೆಗೆ ಆ ಮೇಲೆತ್ತಿದ ಕೈ, ಒಳಗಡೆ ಯಾರೋ ದೀಪ ಹಚ್ಚಿಟ್ಟ ಹಾಗೆ.

ಗೋಡೆ ಮೇಲಿನ ಚಿತ್ರ ಬರೆದವನು ಮುಗಿಸಿದಾಗ ಮುಗೀತು. ಇದು ಹಾಗಲ್ಲ, ಅರ್ಧ ಕೆಲಸ ಅವನು ಮಾಡಿ ಮಿಕ್ಕಿದ್ದನ್ನ ಸೂರ್ಯನಿಗೆ ಬಿಟ್ಟುಹೋಗಿದ್ದಾನೆ. 1907ರಲ್ಲಿ, 38ಕ್ಕೇ ತೀರಿಕೊಂಡ. ಕೆಲಸ ಮಾತ್ರ ಇವತ್ತು ಸಾಯಂಕಾಲನೂ ನಡೀತಾನೇ ಇತ್ತು, ನನ್ನ ಕಣ್ಣೆದುರಿಗೆ.

ಪಕ್ಕದ ಬೆಂಚಲ್ಲಿ ಪ್ರಾರ್ಥನೆ ಮಾಡ್ತಿದ್ದ ಅಜ್ಜಿನೂ ಎದ್ದು ಹೋಗ್ತಾ ಅಲ್ಲೇ ನಿಂತ್ರು, ತಲೆ ಎತ್ತಿ. ಇಬ್ರೂ ಮಾತಾಡ್ಲಿಲ್ಲ. ಮತ್ತೆ ಮೋಡ ಬಂತು, ನೀಲಿ ಹೋಯ್ತು, ಎಲ್ಲಕ್ಕಿಂತ ಕೊನೆಗೆ ಆರಿದ್ದು ಆ ಕೈ.